ಹೊಸ ಕನ್ಸೋಲ್ ಬೇಕಾ, ಇರುವುದೇ ಸಾಕಾ? ನಲವತ್ತನೇ ದಿನದ ಲೆಕ್ಕ

ವಿಡಿಯೊ ಗೇಮ್ ಆಡುವ ಯಂತ್ರ, ಅಂದರೆ ಕನ್ಸೋಲ್, ಹೊಸದಾಗಿ ತಂದು ಡಬ್ಬಿ ಬಿಚ್ಚಿದ ದಿನ ಯಾರಿಗೂ ಅದರ ಕೊರತೆ ಕಾಣುವುದಿಲ್ಲ. ಫ್ಯಾನ್ ಸದ್ದು ಮಾಡುವುದಿಲ್ಲ, ಒಳಗೆ ಜಾಗ ಖಾಲಿ ಇರುತ್ತದೆ, ಬಟನ್‌ಗಳು ಗಟ್ಟಿಯಾಗಿರುತ್ತವೆ. ಮೊದಲ ಗೇಮ್ ಓಡಿದ ಕೂಡಲೇ ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನಿಸಿಬಿಡುತ್ತದೆ. ನಲವತ್ತನೇ ದಿನ ಅದೇ ಯಂತ್ರದ ಮುಂದೆ ಕೂತಾಗ ಕಾಣುವುದೇ ಬೇರೆ. ಹೊಸ ಗೇಮ್ ಹಾಕಬೇಕಾದರೆ ಹಳೆಯದೊಂದನ್ನು ತೆಗೆಯಿರಿ ಎನ್ನುತ್ತದೆ. ಕಂಟ್ರೋಲರ್‌ನಲ್ಲಿ ಚಾರ್ಜ್ ಇಲ್ಲ. ಗೆಳೆಯರ ಜತೆ ಆನ್‌ಲೈನ್ ಆಡಲು ಚಂದಾ ಕಟ್ಟಬೇಕು. ನಿಮಗೆ ಇಷ್ಟವಾಗುವ ಮೂರನೇ ಗೇಮ್ ಇನ್ನೂ ಬಂದೇ ಇಲ್ಲ.

ನಾನೂ ಒಂದು ಸಲ ಬಿಡುಗಡೆಯ ವಾರದಲ್ಲೇ ಓಡಿಹೋಗಿ ಒಂದು ಕನ್ಸೋಲ್ ತಂದಿದ್ದೆ. ಯಾವುದು ಅಂತ ಹೇಳುವುದಿಲ್ಲ. ಮೊದಲ ತಿಂಗಳಿಗೆ ಎರಡು ಗೇಮ್ ಸಿಕ್ಕಿದವು. ಆಮೇಲೆ ಆರೇಳು ತಿಂಗಳು ಅದು ಟಿವಿಯ ಪಕ್ಕ ದೂಳು ತಿನ್ನುತ್ತಾ ಕೂತಿತ್ತು. ಒಳ್ಳೆಯ ಗೇಮ್‌ಗಳು ಬರುವ ಹೊತ್ತಿಗೆ ಅದೇ ಬೆಲೆಗೆ ಜಾಸ್ತಿ ಜಾಗವಿರುವ ಮಾದರಿ ಅಂಗಡಿಗೆ ಬಂದಿತ್ತು. ಅಂದಿನಿಂದ ನಾನು ಯಾವ ಕನ್ಸೋಲನ್ನೂ ಮೊದಲ ದಿನದ ಹೊಳಪಿನ ಮೇಲೆ ಅಳೆಯುವುದಿಲ್ಲ. ನಲವತ್ತನೇ ದಿನ ಇದು ನನ್ನ ಮನೆಯಲ್ಲಿ ಹೇಗಿರುತ್ತದೆ ಅಂತ ಕೇಳಿಕೊಳ್ಳುತ್ತೇನೆ. ಈ ಬರಹದ ಹೋಲಿಕೆಯೆಲ್ಲ ಆ ಲೆಕ್ಕದಲ್ಲೇ.

ನನ್ನ ಮುಂದಿರುವ ಆಯ್ಕೆಗಳು ಇವು: ಕೈಯಲ್ಲಿ ಹಿಡಿದೂ ಟಿವಿಗೆ ಜೋಡಿಸಿಯೂ ಆಡಬಹುದಾದ, 2025ರ ಜೂನ್ 5ಕ್ಕೆ ಬಂದ ನಿಂಟೆಂಡೊ ಸ್ವಿಚ್ 2, ಅದರ ಅಣ್ಣನಾದ 2017ರ ಸ್ವಿಚ್, 2020ರ ನವೆಂಬರ್‌ನಲ್ಲಿ ಎರಡು ದಿನದ ಅಂತರದಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸೀರೀಸ್ ಎಸ್ ಮತ್ತು ಸೋನಿಯ ಪ್ಲೇಸ್ಟೇಷನ್ 5 (ಪಿಎಸ್ 5), 2024ರ ಪಿಎಸ್ 5 ಪ್ರೊ, ಜತೆಗೆ ವಾಲ್ವ್ ಕಂಪನಿಯ ಸ್ಟೀಮ್ ಡೆಕ್. ಎಲ್ಲದಕ್ಕೂ ಸಮನಾಗಿ ಜಾಗ ಕೊಡುವುದಿಲ್ಲ. ಹೊಸದು ಯಾವುದೋ ಅದನ್ನೇ ಜಾಸ್ತಿ ಕೆದಕುತ್ತೇನೆ.

ಮೊದಲು ಗೇಮ್, ಆಮೇಲೆ ಯಂತ್ರ

ಒಂದು ಚೀಟಿಯಲ್ಲಿ ಐದು ಗೇಮ್‌ಗಳ ಹೆಸರು ಬರೆಯಿರಿ. ಮುಂದೆಂದೋ ಬರುತ್ತದೆ ಅಂತ ಟ್ರೈಲರ್ ತೋರಿಸಿದ್ದನ್ನು ಬರೆಯಬೇಡಿ, ಇವತ್ತು ಕೊಂಡು ಆಡಬಹುದಾದವನ್ನೇ ಬರೆಯಿರಿ. ಐದು ತುಂಬಲಿಲ್ಲ ಎಂದರೆ ಆ ಕನ್ಸೋಲ್ ನಿಮಗೆ ಇನ್ನೂ ಹಣ್ಣಾಗಿಲ್ಲ. ಟ್ರೈಲರ್ ನಂಬಿ ಮುಂಗಡ ಕಟ್ಟುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಈ ಚೀಟಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೊದಲೆಲ್ಲ ಒಂದು ಕಂಪನಿಯ ಗೇಮ್ ಇನ್ನೊಂದರ ಯಂತ್ರದಲ್ಲಿ ಸಿಗುತ್ತಿರಲಿಲ್ಲ. ಈಗ ಆ ಬೇಲಿ ಅಲ್ಲಲ್ಲಿ ಬಿದ್ದಿದೆ. ಮೈಕ್ರೋಸಾಫ್ಟ್‌ನ ಫೋರ್ಜಾ ಹೊರೈಜನ್ 5 ಕಾರ್ ರೇಸ್ 2025ರ ಏಪ್ರಿಲ್‌ನಲ್ಲಿ ಪಿಎಸ್ 5ಕ್ಕೇ ಬಂತು. ಸೋನಿಯ ಗಾಡ್ ಆಫ್ ವಾರ್ 2022ರಲ್ಲಿ ಪಿಸಿಗೆ, ಘೋಸ್ಟ್ ಆಫ್ ತ್ಸುಶಿಮಾ 2024ರಲ್ಲಿ ಪಿಸಿಗೆ ಬಂದವು. ಬೇಲಿ ಗಟ್ಟಿಯಾಗಿ ಉಳಿದಿರುವುದು ನಿಂಟೆಂಡೊ ಮನೆಯಲ್ಲಿ. ಮಾರಿಯೋ ಕಾರ್ಟ್, ಜೆಲ್ಡಾದಂಥ ಗೇಮ್ ಬೇಕಿದ್ದರೆ ನಿಂಟೆಂಡೊ ಯಂತ್ರವೇ ಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ನಿಮ್ಮ ಚೀಟಿಯಲ್ಲಿ ನಿಂಟೆಂಡೊ ಗೇಮ್ ಮೂರಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಅರ್ಧ ಹೋಲಿಕೆ ಸುಮ್ನೆ ಓದುವ ಖುಷಿಗೆ ಅಷ್ಟೇ. ನಿಮ್ಮ ಆಯ್ಕೆ ಆಗಿಹೋಗಿದೆ.

'ವರೆಗೆ' ಎನ್ನುವ ಪದ

ಡಬ್ಬಿಯ ಮೇಲೆ '4ಕೆ ವರೆಗೆ', '120 ಫ್ರೇಮ್ ವರೆಗೆ' ಅಂತ ಬರೆದಿರುತ್ತದೆ. ನಮ್ಮ ಕಣ್ಣು 4ಕೆ, 120 ಎರಡನ್ನೂ ಓದಿ 'ವರೆಗೆ'ಯನ್ನು ಬಿಟ್ಟುಬಿಡುತ್ತದೆ.

ಲೆಕ್ಕ ಸುಲಭ. 4ಕೆ ಚಿತ್ರದಲ್ಲಿ ಅಡ್ಡ 3840, ಉದ್ದ 2160 ಚುಕ್ಕೆಗಳು. ಮಾಮೂಲಿ ಫುಲ್ ಎಚ್‌ಡಿಯಲ್ಲಿ 1920 ಮತ್ತು 1080. ಅಂದರೆ ನಾಲ್ಕು ಪಟ್ಟು ಚುಕ್ಕೆ ಬಿಡಿಸಬೇಕು. ಇನ್ನೊಂದು ಕಡೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತದೆ ಎನ್ನುವುದು. ಸೆಕೆಂಡಿಗೆ 30 ಫ್ರೇಮ್ ಆದರೆ ಒಂದೊಂದು ಚಿತ್ರಕ್ಕೆ ಸುಮಾರು 33 ಮಿಲಿಸೆಕೆಂಡ್ ಸಮಯ ಸಿಗುತ್ತದೆ. 60 ಆದರೆ 17ಕ್ಕೂ ಕಡಿಮೆ. 120 ಆದರೆ 8 ಚಿಲ್ಲರೆ. ಚುಕ್ಕೆ ಜಾಸ್ತಿ ಮಾಡಿ, ಸಮಯ ಕಡಿಮೆ ಮಾಡಿ ಎಂದು ಒಂದೇ ಚಿಪ್‌ಗೆ ಹೇಳಿದರೆ ಎತ್ತು ಏರಿಗೆ, ಕೋಣ ನೀರಿಗೆ. ಅದಕ್ಕೇ ಹೆಚ್ಚಿನ ದೊಡ್ಡ ಗೇಮ್‌ಗಳು ಎರಡು ಮೋಡ್ ಕೊಡುತ್ತವೆ: ಒಂದು ಚಂದಕ್ಕೆ, ಒಂದು ವೇಗಕ್ಕೆ. ಸ್ವಿಚ್ 2 ಕೂಡ ಟಿವಿಗೆ ಜೋಡಿಸಿದಾಗ 4ಕೆ ಬೇಕೆಂದರೆ 60 ಫ್ರೇಮ್‌ಗೆ ನಿಲ್ಲುತ್ತದೆ. 120 ಬೇಕೆಂದರೆ ಚಿತ್ರ 1440 ಸಾಲಿಗೋ 1080 ಸಾಲಿಗೋ ಇಳಿಯುತ್ತದೆ.

ನನ್ನ ರುಚಿ ಹೇಳುತ್ತೇನೆ. 30ರಿಂದ 60ಕ್ಕೆ ಹೋದರೆ ಕೈಗೆ ಗೊತ್ತಾಗುತ್ತದೆ, ಗೇಮ್ ಆಡದವರಿಗೂ ಗೊತ್ತಾಗುತ್ತದೆ. 60ರಿಂದ 120 ಬೆರಳಿನ ಚುರುಕು ಬೇಕಾದ ಶೂಟಿಂಗ್ ಗೇಮ್‌ಗಳಲ್ಲಿ ಮಾತ್ರ ನನಗೆ ಮುಖ್ಯ. ಇನ್ನು 1440ರ ಚಿತ್ರಕ್ಕೂ ಪೂರ್ತಿ 4ಕೆಗೂ ಇರುವ ವ್ಯತ್ಯಾಸ ಸೋಫಾದ ದೂರದಿಂದ ಹುಡುಕಬೇಕು.

ಮತ್ತೆ ಟಿವಿ. ಇದನ್ನು ಮರೆತು ನಾನು ಪೆಟ್ಟು ತಿಂದಿದ್ದೇನೆ. 4ಕೆಯಲ್ಲಿ 120 ಫ್ರೇಮ್ ಬೇಕೆಂದರೆ ಕೇಬಲ್ ಚುಚ್ಚಲು ಟಿವಿಯಲ್ಲಿ ಎಚ್‌ಡಿಎಂಐ 2.1 ಸೌಲಭ್ಯದ ಪೋರ್ಟ್ ಇರಬೇಕು, ಪರದೆಯೂ 120 ಹರ್ಟ್ಸ್‌ನದಾಗಿರಬೇಕು, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬೇಕು. ನನ್ನ ಟಿವಿಯಲ್ಲಿ ಪೋರ್ಟ್ ನಾಲ್ಕಿದ್ದವು. ಬೇಕಾದ ಸೌಲಭ್ಯ ಒಂದರಲ್ಲಿ ಮಾತ್ರ. ಅದನ್ನು ಸೌಂಡ್‌ಬಾರ್ ಹಿಡಿದು ಕೂತಿತ್ತು. ಎರಡು ತಿಂಗಳು ನಾನು ಅರ್ಧ ಕನ್ಸೋಲ್ ಆಡುತ್ತಿದ್ದೆ, ನನಗೇ ಗೊತ್ತಿರಲಿಲ್ಲ! ಟಿವಿ ಹಳೆಯ ಫುಲ್ ಎಚ್‌ಡಿ ಆಗಿದ್ದರೆ ಪಿಎಸ್ 5 ಪ್ರೊ ಪಟ್ಟಿಯಿಂದ ಈಗಲೇ ಹೊಡೆದುಹಾಕಿ.

ಇನ್ನೊಂದು ಮಾತು, ತೆರಾಫ್ಲಾಪ್ ಬಗ್ಗೆ. ಚಿಪ್ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಎಂದು ಹೇಳುವ ಅಂಕಿ ಅದು. ಸೀರೀಸ್ ಎಕ್ಸ್ 12, ಸೀರೀಸ್ ಎಸ್ 4. ಒಂದೇ ಮನೆಯ, ಒಂದೇ ತಳಿಯ ಚಿಪ್‌ಗಳನ್ನು ಹೋಲಿಸಲು ಈ ಅಂಕಿ ಸರಿ. ಬೇರೆ ಬೇರೆ ಕಂಪನಿಯ ಚಿಪ್‌ಗಳಿಗೆ ಇದನ್ನೇ ಹಿಡಿದು ಜಗಳ ಆಡುವುದು ವ್ಯರ್ಥ. ಅದರಲ್ಲೂ ಈಗ ಚಿಕ್ಕ ಚಿತ್ರ ಬಿಡಿಸಿ ಅದನ್ನು ಜಾಣತನದಿಂದ ಹಿಗ್ಗಿಸುವ ತಂತ್ರ ಬಂದಿದೆ. ಸ್ವಿಚ್ 2ರಲ್ಲಿ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಆ ಕೆಲಸ ಮಾಡುತ್ತದೆ, ಪಿಎಸ್ 5 ಪ್ರೊದಲ್ಲಿ ಸೋನಿಯ ಪಿಎಸ್‌ಎಸ್‌ಆರ್. ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಯಂತ್ರ ಸೈಬರ್‌ಪಂಕ್ 2077ರಂಥ ಭಾರದ ಗೇಮ್ ಓಡಿಸುವುದರ ಹಿಂದೆ ಈ ಹಿಗ್ಗಿಸುವ ಕೈಚಳಕದ ಪಾಲು ದೊಡ್ಡದು.

ಸ್ವಿಚ್ 2: ಚೆನ್ನಾಗಿರುವುದು ಏನು

ಮೊದಲ ಸ್ವಿಚ್‌ನ ಪರದೆ 6.2 ಇಂಚು, 720 ಸಾಲು. ಸ್ವಿಚ್ 2ರದ್ದು 7.9 ಇಂಚು, 1080 ಸಾಲು, 120 ಹರ್ಟ್ಸ್. ದಪ್ಪ ಮಾತ್ರ ಹಳೆಯದರಷ್ಟೇ. ಕೈಗೆತ್ತಿಕೊಂಡ ಕೂಡಲೇ 'ಅರೆ, ಇಷ್ಟು ದೊಡ್ಡದಾ' ಅನಿಸುತ್ತದೆ. ಒಳಗಿನ ಜಾಗ 32 ಜಿಬಿಯಿಂದ 256 ಜಿಬಿಗೆ ಏರಿದೆ. ಪರದೆಯ ಎರಡೂ ಪಕ್ಕಕ್ಕೆ ಕೂರುವ ಜಾಯ್-ಕಾನ್ ಕಂಟ್ರೋಲರ್‌ಗಳು ಈಗ ಹಳಿಯ ಮೇಲೆ ಜಾರಿ ಕೂರುವುದಿಲ್ಲ, ಆಯಸ್ಕಾಂತದಿಂದ ಟಕ್ ಎಂದು ಕಚ್ಚಿಕೊಳ್ಳುತ್ತವೆ. ಹಿಂದಿನ ಆನಿಕೆ ಕಾಲು ಈ ಸಲ ನಿಜವಾಗಿಯೂ ನಿಲ್ಲುತ್ತದೆ. ಮೊದಲ ಸ್ವಿಚ್‌ನ ಬಡಕಲು ಕಡ್ಡಿಯನ್ನು ನೆನೆಸಿಕೊಂಡರೆ ಇದೇ ಒಂದು ದೊಡ್ಡ ಸುಧಾರಣೆ. ಚಾರ್ಜ್ ಪೋರ್ಟ್ ಮೇಲೊಂದು, ಕೆಳಗೊಂದು. ಆನಿಸಿಟ್ಟುಕೊಂಡೇ ಚಾರ್ಜ್ ಮಾಡಬಹುದು. ಇಂಥ ಸಣ್ಣ ವಿಷಯಗಳೇ ನಲವತ್ತನೇ ದಿನಕ್ಕೂ ಖುಷಿ ಕೊಡುವುದು.

ಆದರೆ ನನ್ನ ಲೆಕ್ಕದಲ್ಲಿ ಅತಿ ದೊಡ್ಡ ಗುಣ ಬೇರೆಯೇ. ಹಳೆಯ ಸ್ವಿಚ್ ಗೇಮ್‌ಗಳಲ್ಲಿ ಬಹುಪಾಲು ಇದರಲ್ಲೂ ಓಡುತ್ತವೆ. ಕೆಲವು ಮೊದಲಿಗಿಂತ ಚೆನ್ನಾಗಿಯೇ ಓಡುತ್ತವೆ. ಪೋಕೆಮಾನ್ ಸ್ಕಾರ್ಲೆಟ್, ವೈಲೆಟ್ ಹಳೆಯ ಯಂತ್ರದಲ್ಲಿ ಏದುಸಿರು ಬಿಡುತ್ತಿದ್ದವು. ಸ್ವಿಚ್ 2ಕ್ಕೆ ಬಂದ ಉಚಿತ ಅಪ್‌ಡೇಟ್ ಹಾಕಿಕೊಂಡ ಮೇಲೆ ಅದೇ ಗೇಮ್ ಬೇರೆಯೇ ಅನಿಸುತ್ತದೆ. ಜೆಲ್ಡಾದ ಎರಡು ದೊಡ್ಡ ಗೇಮ್‌ಗಳಿಗೆ ಮಾತ್ರ ಸುಧಾರಿತ ಆವೃತ್ತಿ ಬೇಕೆಂದರೆ ಮತ್ತೆ ದುಡ್ಡು ಕೊಡಬೇಕು. ಹಳೆಯ ಗೇಮ್‌ಗಳ ರಾಶಿ ಇರುವವರಿಗೆ ಹೊಸ ಕನ್ಸೋಲ್‌ನ ಮೊದಲ ದಿನವೇ ಒಂದು ತುಂಬಿದ ಕಪಾಟು ಸಿಕ್ಕ ಹಾಗೆ. ಮೂರನೇ ಗೇಮ್‌ಗೆ ಕಾಯುವ ನನ್ನ ಹಳೆಯ ಗೋಳು ಅವರಿಗಿಲ್ಲ.

ಜಾಯ್-ಕಾನ್ ಅನ್ನು ಪಕ್ಕಕ್ಕೆ ತಿರುಗಿಸಿ ಮೇಜಿನ ಮೇಲೆ ಮೌಸ್ ಥರ ಉಜ್ಜಬಹುದು. ತಮಾಷೆಯಾಗಿದೆ, ಕೆಲಸವನ್ನೂ ಮಾಡುತ್ತದೆ. ಅದಕ್ಕಾಗಿಯೇ ಕೊಳ್ಳುವವರು ಇರಲಾರರು.

ಸ್ವಿಚ್ 2: ಎಲ್ಲಿ ಎಡವಿದೆ

ಬ್ಯಾಟರಿಯಿಂದ ಶುರು ಮಾಡೋಣ. ನಿಂಟೆಂಡೊ ಹೇಳುವ ಪ್ರಕಾರವೇ ಇದು 2 ಗಂಟೆಯಿಂದ 6.5 ಗಂಟೆ ಬರುತ್ತದೆ. 2021ರ ಸ್ವಿಚ್ ಒಎಲ್‌ಇಡಿ ಮಾದರಿಗೆ ಕಂಪನಿ ಹೇಳಿದ್ದು 4.5ರಿಂದ 9 ಗಂಟೆ. ಭಾರದ ಹೊಸ ಗೇಮ್ ಹಾಕಿದರೆ ಕೆಳಗಿನ ಅಂಕಿಯೇ ನಿಜ ಅಂತ ಇಟ್ಟುಕೊಳ್ಳಿ. ಒಂದು ಉದ್ದ ಪಯಣಕ್ಕೆ ಇದು ಸಾಲದು, ಪವರ್ ಬ್ಯಾಂಕ್ ಜತೆಗಿರಬೇಕು. ತೂಕವೂ ಜಾಸ್ತಿ. ಕಂಟ್ರೋಲರ್ ಸೇರಿ ಸುಮಾರು 534 ಗ್ರಾಂ. ಹಳೆಯದು 400ರ ಆಸುಪಾಸು. ಹಾಸಿಗೆಯಲ್ಲಿ ಮಲಗಿ ಮುಖದ ಮೇಲೆ ಎತ್ತಿ ಹಿಡಿದು ಆಡುವವರಿಗೆ ಈ ವ್ಯತ್ಯಾಸ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಕೈ ಸೋತು ಯಂತ್ರ ಮೂಗಿನ ಮೇಲೆ ಬಿದ್ದರೆ ಬೇಗನೇ ಗೊತ್ತಾಗುತ್ತದೆ.

ಪರದೆ ಎಲ್‌ಸಿಡಿ. ಒಎಲ್‌ಇಡಿ ಸ್ವಿಚ್ ಇಟ್ಟುಕೊಂಡವರು ಕಪ್ಪು ಬಣ್ಣ ನೋಡಿದ ಕೂಡಲೇ ಮುಖ ಸಿಂಡರಿಸುತ್ತಾರೆ. ಅಲ್ಲಿ ಕಪ್ಪು ನಿಜಕ್ಕೂ ಕಪ್ಪು, ಇಲ್ಲಿ ಬೂದು ಕಲೆಸಿದ ಕಪ್ಪು. ವೇಗವಾಗಿ ಓಡುವ ದೃಶ್ಯದಲ್ಲಿ ಚಿತ್ರ ಕದಡಿದ ಹಾಗೆ ಕಾಣುತ್ತದೆ ಅಂತ ಪರೀಕ್ಷಿಸಿದ ಹಲವರು ಹೇಳಿದ್ದಾರೆ. ಇನ್ನೂ ಒಂದು ವಿಚಿತ್ರ: ಫ್ರೇಮ್ ಏರಿಳಿದರೂ ಚಿತ್ರ ಹರಿಯದಂತೆ ನೋಡಿಕೊಳ್ಳುವ ವಿಆರ್‌ಆರ್ ಸೌಲಭ್ಯ ಇದರ ಸ್ವಂತ ಪರದೆಯಲ್ಲಿದೆ. ಟಿವಿಗೆ ಜೋಡಿಸಿದಾಗ ಇಲ್ಲ. ಕೈಯಲ್ಲಿ ಉಂಟು, ಗೋಡೆಯಲ್ಲಿ ಇಲ್ಲ.

ಹಳೆಯ ಸಾಮಾನು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತಲೂ ನೋಡಿ. ಟಿವಿಗೆ ಜೋಡಿಸಲು ಯಂತ್ರವನ್ನು ಕೂರಿಸುವ ಹಳೆಯ ಡಾಕ್ ಬರುವುದಿಲ್ಲ. ಹಳೆಯ ಜಾಯ್-ಕಾನ್ ಪಕ್ಕಕ್ಕೆ ಕೂರುವುದಿಲ್ಲ, ವೈರ್‌ಲೆಸ್ ಆಗಿ ಬಳಸಬಹುದು. ಹಳೆಯ ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲಿ ಗೇಮ್ ಇಡಲು ಆಗುವುದಿಲ್ಲ. ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ವೇಗದ ತಳಿಯೇ ಬೇಕು, ಅದು ಮಾಮೂಲಿ ಕಾರ್ಡ್‌ಗಿಂತ ತುಟ್ಟಿ. ಇದನ್ನು ತಪ್ಪು ಎನ್ನಲಾರೆ. ದೊಡ್ಡ ಗೇಮ್‌ಗೆ ಆ ವೇಗ ಬೇಕೇ ಬೇಕು. ಆದರೆ ಬಜೆಟ್ ಹಾಕುವಾಗ ಸೇರಿಸಿಕೊಳ್ಳಿ. ಆನೆ ಕೊಂಡ ಮೇಲೆ ಅಂಕುಶಕ್ಕೆ ಚೌಕಾಶಿ ಮಾಡಿದರೆ ಆಗುವುದಿಲ್ಲ.

ಹಾಗಾದರೆ ಹಳೆಯ ಸ್ವಿಚ್ ಇರುವವರು ಏನು ಮಾಡಬೇಕು? ಟಿವಿಗೆ ಹಾಕಿ ಆಡುವವರಾದರೆ ಸ್ವಿಚ್ 2 ತಗೊಳ್ಳಿ, ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಒಎಲ್‌ಇಡಿ ಮಾದರಿಯನ್ನು ಬರೀ ಕೈಯಲ್ಲೇ ಹಿಡಿದು, ಸಣ್ಣ ಸಣ್ಣ ಗೇಮ್ ಆಡುವವರಾದರೆ ಅವಸರ ಬೇಡ. ಹಗುರ, ಚಂದದ ಪರದೆ, ಬ್ಯಾಟರಿ ಮೂರರಲ್ಲೂ ನಿಮ್ಮದೇ ಮೇಲು. ಹೊಸಬರು ಹಳೆಯ ಸ್ವಿಚ್ ಕೊಳ್ಳಬಹುದಾ? ತೀರಾ ಚಿಕ್ಕ ಮಗುವಿಗೆ, ಬಿದ್ದು ಒಡೆದರೂ ಎದೆ ಒಡೆಯದಿರಲಿ ಅಂತಿದ್ದರೆ ಕೊಳ್ಳಬಹುದು. ಇಲ್ಲದಿದ್ದರೆ ಮುಂದೆ ಬರುವ ಗೇಮ್‌ಗಳಲ್ಲಿ ಹೆಚ್ಚಿನವು ಹೊಸದಕ್ಕೇ ಹೋಗುತ್ತವೆ.

ಜಾಗದ ಜಗಳ

ಡಬ್ಬಿಯ ಮೇಲಿನ ಅಂಕಿ ಒಂದು, ಕೈಗೆ ಸಿಗುವುದು ಒಂದು. ಮೊದಲ ಪಿಎಸ್ 5ರಲ್ಲಿ 825 ಜಿಬಿ ಎಂದಿತ್ತು, ಗೇಮ್‌ಗೆ ಸಿಗುತ್ತಿದ್ದದ್ದು ಸುಮಾರು 667. ಸೀರೀಸ್ ಎಸ್‌ನ 512ರಲ್ಲಿ ಸುಮಾರು 364. ಉಳಿದದ್ದನ್ನು ಯಂತ್ರದ ಸಾಫ್ಟ್‌ವೇರ್ ತಿನ್ನುತ್ತದೆ. ಬಾಲ್ಡರ್ಸ್ ಗೇಟ್ 3ರಂಥ ಒಂದು ಗೇಮ್‌ಗೆ 100 ಜಿಬಿ ಮೀರಿದ ಜಾಗ ಬೇಕು. ಇಂಥ ಮೂರು ಹಾಕಿದರೆ ಸೀರೀಸ್ ಎಸ್ ಹೊಟ್ಟೆ ತುಂಬಿ ತೇಗುತ್ತದೆ.

ಜಾಗ ಹೆಚ್ಚಿಸಿಕೊಳ್ಳುವ ದಾರಿಯಲ್ಲಿ ಪಿಎಸ್ 5 ಎಲ್ಲರಿಗಿಂತ ಉದಾರಿ. ಕಂಪ್ಯೂಟರ್‌ಗೆ ಹಾಕುವ ಮಾಮೂಲಿ ಎಂ.2 ಎಸ್‌ಎಸ್‌ಡಿ ಎಂಬ ಸ್ಟೋರೇಜ್ ತುಂಡನ್ನೇ, ವೇಗ ಸಾಕಷ್ಟಿದ್ದರೆ, ಒಳಗೆ ಕೂರಿಸಬಹುದು. ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ. ಎಕ್ಸ್‌ಬಾಕ್ಸ್‌ಗೆ ಅದರದ್ದೇ ವಿಶೇಷ ಕಾರ್ಡ್ ಬೇಕು. ಹಿಂದೆ ತೂರಿಸಿದರೆ ಮುಗಿಯಿತು, ಸುಲಭ. ಆದರೆ ಅದನ್ನು ಮಾಡುವ ಕಂಪನಿಗಳು ಬೆರಳೆಣಿಕೆಯಷ್ಟು, ಹಾಗಾಗಿ ಬೆಲೆಯಲ್ಲಿ ಪೈಪೋಟಿ ಕಡಿಮೆ. ನಿಂಟೆಂಡೊಗೆ ಮೇಲೆ ಹೇಳಿದ ಎಕ್ಸ್‌ಪ್ರೆಸ್ ಕಾರ್ಡ್. ಆದರೆ ನಿಂಟೆಂಡೊ ತಾನೇ ಮಾಡುವ ಗೇಮ್‌ಗಳು ಮಿತಾಹಾರಿಗಳು. ಮಾರಿಯೋ ಕಾರ್ಟ್ ವರ್ಲ್ಡ್ 20 ಜಿಬಿ ಚಿಲ್ಲರೆಯಲ್ಲಿ ಮುಗಿಯುತ್ತದೆ.

ಮನೆಯ ಇಂಟರ್‌ನೆಟ್ ನಿಧಾನವಿದ್ದರೆ ಈ ಇಡೀ ಭಾಗವನ್ನು ಎರಡು ಪಟ್ಟು ಗಂಭೀರವಾಗಿ ತಗೊಳ್ಳಿ. ಅಳಿಸಿದ ಗೇಮ್ ಮತ್ತೆ ಇಳಿಸುವುದೆಂದರೆ ಒಂದು ರಾತ್ರಿ ಹೋಯಿತು ಅಂತಲೇ ಲೆಕ್ಕ.

ಸ್ಟಿಕ್ ತಾನೇ ನಡೆಯುವ ಕಾಯಿಲೆ

ಕಂಟ್ರೋಲರ್ ಮುಟ್ಟದೇ ಇದ್ದರೂ ಪಾತ್ರ ತಾನಾಗಿ ಎಡಕ್ಕೆ ನಡೆಯುತ್ತಾ ಹೋಗಿ ಬಂಡೆಯಿಂದ ಬೀಳುತ್ತದೆ. ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಪಾತ್ರವನ್ನು ನಡೆಸಲು ಹೆಬ್ಬೆರಳಿನಿಂದ ವಾಲಿಸುವ ಸ್ಟಿಕ್‌ನ ಕೆಳಗೆ ಒಂದು ಸಣ್ಣ ಲೋಹದ ತುದಿ ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತಿರುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಪುಡಿ, ದೂಳು ಸೇರುತ್ತದೆ, ಸ್ಟಿಕ್ ನಡುವಿನಲ್ಲಿದ್ದರೂ ಯಂತ್ರಕ್ಕೆ ಓರೆಯಾಗಿ ಕಾಣುತ್ತದೆ. ಹಾಲ್ ಎಫೆಕ್ಟ್ ಎಂಬ ಇನ್ನೊಂದು ಬಗೆಯ ಸ್ಟಿಕ್‌ನಲ್ಲಿ ಆಯಸ್ಕಾಂತದಿಂದ ಅಳತೆ, ಉಜ್ಜಾಟವಿಲ್ಲ, ಸವೆತ ತುಂಬಾ ಕಡಿಮೆ.

ಮೊದಲ ಸ್ವಿಚ್‌ನ ಜಾಯ್-ಕಾನ್‌ಗಳ ಈ ಕಾಯಿಲೆ ಎಷ್ಟು ದೊಡ್ಡದಾಯಿತೆಂದರೆ 2020ರ ಜೂನ್‌ನಲ್ಲಿ ನಿಂಟೆಂಡೊ ಅಧ್ಯಕ್ಷ ಶುಂತಾರೊ ಫುರುಕಾವಾ ಗ್ರಾಹಕರಿಗಾದ ತೊಂದರೆಗೆ ಕ್ಷಮೆ ಕೇಳಿದರು. ಸ್ವಿಚ್ 2ರ ಸ್ಟಿಕ್‌ಗಳನ್ನು ಹೊಸದಾಗಿ ರೂಪಿಸಿದ್ದೇವೆ ಎಂದು ಕಂಪನಿ ಹೇಳಿದೆ. ಆದರೆ ಅವು ಹಾಲ್ ಎಫೆಕ್ಟ್ ಅಲ್ಲ. ಅಷ್ಟೆಲ್ಲ ಆದ ಮೇಲೂ ಯಾಕೆ ಆ ದಾರಿ ಹಿಡಿಯಲಿಲ್ಲ ಅಂತ ನನಗೆ ಬೇಜಾರೇ. ಪಿಎಸ್ 5, ಎಕ್ಸ್‌ಬಾಕ್ಸ್‌ನ ಮಾಮೂಲಿ ಕಂಟ್ರೋಲರ್‌ಗಳೂ ಉಜ್ಜುವ ಜಾತಿಯವೇ, ಹಾಗಾಗಿ ಈ ವಿಷಯದಲ್ಲಿ ಯಾರೂ ಬೀಗುವ ಹಾಗಿಲ್ಲ.

ಕಂಟ್ರೋಲರ್ ಬ್ಯಾಟರಿಯಲ್ಲಿ ಎರಡು ಪಂಥ. ಪಿಎಸ್ 5ರ ಡ್ಯುಯಲ್‌ಸೆನ್ಸ್‌ನಲ್ಲಿ ಬ್ಯಾಟರಿ ಒಳಗೇ ಇದೆ. ಎಕ್ಸ್‌ಬಾಕ್ಸ್‌ನಲ್ಲಿ ಎರಡು ಎಎ ಸೆಲ್ ಹಾಕಬೇಕು. 'ಈ ಕಾಲದಲ್ಲೂ ಸೆಲ್ಲಾ' ಅಂತ ನಗುವವರೇ ಜಾಸ್ತಿ, ನಾನೂ ನಕ್ಕಿದ್ದೆ. ವರ್ಷಗಳು ಕಳೆದ ಮೇಲೆ ನೋಡಿದರೆ, ಚಾರ್ಜ್ ಆಗುವ ಸೆಲ್ ಎರಡು ಜೋಡಿ ಇಟ್ಟುಕೊಂಡವರ ಕಂಟ್ರೋಲರ್ ಇನ್ನೂ ಹೊಸದರ ಹಾಗೇ ಇದೆ. ಒಳಗಿನ ಬ್ಯಾಟರಿಯದ್ದು ವರ್ಷ ಕಳೆದಂತೆ ಸೊರಗುತ್ತದೆ. ಆದರೂ ಕೈಗೆ ಸಿಗುವ ಅನುಭವದಲ್ಲಿ ಡ್ಯುಯಲ್‌ಸೆನ್ಸ್‌ಗೆ ಸಾಟಿಯಿಲ್ಲ. ಬಿಲ್ಲಿನ ಹೆದೆ ಎಳೆದರೆ ಬೆರಳಿಗೆ ಬಿಗಿ ತಾಗುತ್ತದೆ, ಮರಳ ಮೇಲೆ ನಡೆದರೆ ಅಂಗೈಗೆ ಮರಳು ಗೊತ್ತಾಗುತ್ತದೆ. ಅದನ್ನು ಸರಿಯಾಗಿ ಬಳಸುವ ಗೇಮ್‌ಗಳು ಕಡಿಮೆ ಅನ್ನುವುದೇ ಕೊರಗು.

ಉಳಿದವರನ್ನು ಬೇಗ ನೋಡಿಬಿಡೋಣ

ಪಿಎಸ್ 5 ಮತ್ತು ಪ್ರೊ ನಡುವೆ: ಪ್ರೊದಲ್ಲಿ ಚಿತ್ರ ಬಿಡಿಸುವ ವೇಗ ಸುಮಾರು ಶೇ 45ರಷ್ಟು ಜಾಸ್ತಿ ಎಂದು ಸೋನಿ ಹೇಳಿತ್ತು. ಜಾಗ 2 ಟಿಬಿ. ಆದರೆ ಮುಖ್ಯ ಪ್ರೊಸೆಸರ್ ಹೆಚ್ಚುಕಡಿಮೆ ಹಳೆಯದೇ. ಒಂದು ಗೇಮ್ ನಿಧಾನವಾಗಲು ಕಾರಣ ಪ್ರೊಸೆಸರ್ ಆಗಿದ್ದರೆ ಪ್ರೊ ಹೆಚ್ಚೇನೂ ಉಳಿಸಲಾರದು. ಡಿಸ್ಕ್ ಡ್ರೈವ್ ಡಬ್ಬಿಯಲ್ಲಿ ಇಲ್ಲ, ಬೇರೆ ಕೊಳ್ಳಬೇಕು. ಇಷ್ಟು ದುಬಾರಿಯಾದ ಕನ್ಸೋಲ್ ಕೊಂಡು ಡಿಸ್ಕ್‌ಗೆ ಮತ್ತೆ ಜೇಬಿಗೆ ಕೈಹಾಕುವುದು ನನಗೆ ಜೀರ್ಣವಾಗಿಲ್ಲ. ದೊಡ್ಡ, ಹೊಸ 4ಕೆ ಟಿವಿ ಇದ್ದು, 60 ಫ್ರೇಮ್‌ನಲ್ಲಿ ಚಿತ್ರ ಮಂಜಾಗಿದೆ ಅಂತ ನಿಮಗೇ ಅನಿಸಿದ್ದರೆ ಮಾತ್ರ ಪ್ರೊ. ಉಳಿದವರಿಗೆ 2023ರಲ್ಲಿ ಬಂದ ತೆಳು ಪಿಎಸ್ 5 ಬೇಕಾದಷ್ಟಾಯಿತು. ಪಿಎಸ್ 4ರ ಗೇಮ್‌ಗಳೂ ಹೆಚ್ಚುಕಡಿಮೆ ಎಲ್ಲವೂ ಅದರಲ್ಲಿ ನಡೆಯುತ್ತವೆ.

ಸೀರೀಸ್ ಎಸ್ ಚಿಕ್ಕದು, ಸದ್ದಿಲ್ಲದ್ದು, ಈ ತಲೆಮಾರಿಗೆ ಕಾಲಿಡಲು ಅಗ್ಗದ ಬಾಗಿಲು. ಗೇಮ್ ಓಡುವಾಗ ಅದು ಬಳಸುವ ಮೆಮೊರಿ 10 ಜಿಬಿ, ಅಣ್ಣ ಸೀರೀಸ್ ಎಕ್ಸ್‌ನದ್ದು 16. ಈ ಆರು ಜಿಬಿ ಕೊರತೆ ಏನು ಮಾಡುತ್ತದೆ ಎನ್ನುವುದು 2023ರಲ್ಲಿ ಕಂಡಿತು. ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸ್‌ಗೆ ತಡವಾಗಿ, ಡಿಸೆಂಬರ್‌ಗೆ ಬಂತು. ಇಬ್ಬರು ಒಂದೇ ಪರದೆ ಹಂಚಿಕೊಂಡು ಆಡುವ ಸೌಲಭ್ಯ ಸೀರೀಸ್ ಎಸ್‌ನಲ್ಲಿ ಇಲ್ಲದೆಯೇ ಬಂತು. ಇಂಥ ರಾಜಿಗಳು ವರ್ಷ ಕಳೆದಂತೆ ಕಡಿಮೆಯಾಗುವುದಿಲ್ಲ. ಎಕ್ಸ್‌ಬಾಕ್ಸ್‌ನ ನಿಜವಾದ ಹೆಚ್ಚುಗಾರಿಕೆ ಎಂದರೆ ಹಳೆಯದರ ಮೇಲಿನ ಪ್ರೀತಿ. 2001ರ ಮೊದಲ ಎಕ್ಸ್‌ಬಾಕ್ಸ್‌ನ ಕೆಲವು ಗೇಮ್‌ಗಳು ಕೂಡ ಇಂದಿನ ಯಂತ್ರದಲ್ಲಿ ಓಡುತ್ತವೆ. ಜತೆಗೆ ಕ್ವಿಕ್ ರೆಸ್ಯೂಮ್. ಒಂದು ಗೇಮ್ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗಿ, ಮರಳಿ ಬಂದರೆ ಬಿಟ್ಟ ಜಾಗದಲ್ಲೇ ಇರುತ್ತೀರಿ. ಮಕ್ಕಳಿರುವ ಮನೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಸ್ಟೀಮ್ ಡೆಕ್ ಅನ್ನು ಕನ್ಸೋಲ್ ಎನ್ನುವುದಕ್ಕಿಂತ ಕೈಗೆ ಸಿಗುವ ಪಿಸಿ ಎನ್ನಬೇಕು. 2022ರಲ್ಲಿ ಬಂತು, 2023ರಲ್ಲಿ 7.4 ಇಂಚಿನ ಒಎಲ್‌ಇಡಿ ಮಾದರಿ ಬಂತು. ತೂಕ 640 ಗ್ರಾಂ, ಸ್ವಿಚ್ 2 ಭಾರ ಅಂದವರು ಇದನ್ನು ಎತ್ತಿ ನೋಡಲಿ. ವಾಲ್ವ್‌ನ ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಈಗಾಗಲೇ ಗೇಮ್‌ಗಳ ಗುಡ್ಡೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಆನ್‌ಲೈನ್ ಆಡಲು ಚಂದಾ ಕೂಡ ಇಲ್ಲ. ಆದರೆ ಇದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ ಓಡುತ್ತದೆ. ಮೋಸ ತಡೆಯುವ ಸಾಫ್ಟ್‌ವೇರ್ ಇರುವ ಕೆಲವು ಆನ್‌ಲೈನ್ ಗೇಮ್‌ಗಳು, ಉದಾಹರಣೆಗೆ ಫೋರ್ಟ್‌ನೈಟ್, ನೇರವಾಗಿ ಓಡುವುದಿಲ್ಲ. ಸೆಟ್ಟಿಂಗ್ ತಿರುವುವುದು ನಿಮಗೆ ಆಟವೇ ಆಗಿದ್ದರೆ ತಗೊಳ್ಳಿ. 'ಒತ್ತಿದರೆ ಓಡಬೇಕು' ಅನ್ನುವವರಿಗೆ ಇದು ಬೇಡ.

ಕೈಯಲ್ಲಿ ಏನು ಉಳಿಯುತ್ತದೆ

ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಗೆಳೆಯರಿಗೆ ಕೊಡಬಹುದು. ಡೌನ್‌ಲೋಡ್ ಮಾಡಿದ್ದು ನಿಮ್ಮ ಖಾತೆಗೆ ಅಂಟಿಕೊಂಡೇ ಇರುತ್ತದೆ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ ಹಳೆಯ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯ ಮಾರಾಟ ನಿಲ್ಲಿಸಿತು. ಡಿಜಿಟಲ್ ಆಗಿ ಮಾತ್ರ ಬಂದಿದ್ದ ಎಷ್ಟೋ ಗೇಮ್‌ಗಳನ್ನು ಆಮೇಲೆ ನ್ಯಾಯವಾಗಿ ಕೊಳ್ಳುವ ದಾರಿಯೇ ಇಲ್ಲವಾಯಿತು.

ಸ್ವಿಚ್ 2ರಲ್ಲಿ ಇನ್ನೊಂದು ಬಗೆ ಬಂದಿದೆ, ಗೇಮ್-ಕೀ ಕಾರ್ಡ್. ನೋಡಲು ಕಾರ್ಡೇ, ಒಳಗೆ ಗೇಮ್ ಇಲ್ಲ, ಬೀಗದ ಕೈ ಮಾತ್ರ. ಗೇಮನ್ನು ಇಂಟರ್‌ನೆಟ್‌ನಿಂದ ಇಳಿಸಬೇಕು, ಆಡುವಾಗ ಕಾರ್ಡೂ ಒಳಗಿರಬೇಕು. ಕಾರ್ಡ್‌ನ ತೊಂದರೆ, ಡೌನ್‌ಲೋಡ್‌ನ ತೊಂದರೆ ಎರಡೂ ಒಟ್ಟಿಗೆ. ಮಾರಬಹುದು ಅನ್ನುವುದೊಂದೇ ಸಮಾಧಾನ. ಹಾಗಂತ ಎಲ್ಲರೂ ಹಾಗೆ ಮಾಡಿಲ್ಲ. ಸೈಬರ್‌ಪಂಕ್ 2077 ಪೂರ್ತಿಯಾಗಿ 64 ಜಿಬಿ ಕಾರ್ಡ್‌ನಲ್ಲೇ ಬಂತು. ಡಬ್ಬಿಯ ಮುಂಭಾಗದ ಕೆಳಗೆ ಕೀ ಗುರುತು ಇದೆಯಾ ನೋಡಿ ಕೊಳ್ಳಿ.

ಚಂದಾದ ವಿಷಯದಲ್ಲಿ ನನ್ನದು ಒರಟು ಲೆಕ್ಕ. ವರ್ಷಕ್ಕೆ ನೀವು ಪೂರ್ತಿ ಆಡುವ ಗೇಮ್ ಎಷ್ಟು? ನಾಲ್ಕಾದರೆ ಚಂದಾಕ್ಕಿಂತ ಹಳೆಯ ಡಿಸ್ಕ್ ಕೊಳ್ಳುವುದು ಲಾಭ. ಹದಿನೈದು ಗೇಮ್ ಮೂಸಿ ನೋಡಿ ಬಿಡುವ ಚಾಳಿಯಿದ್ದರೆ ಎಕ್ಸ್‌ಬಾಕ್ಸ್‌ನ ಗೇಮ್ ಪಾಸ್ ಥರ ಚಂದಾ ಕಟ್ಟಿದರೆ ಹಲವು ಗೇಮ್ ಆಡಲು ಬಿಡುವಂಥದ್ದು ಸರಿ. ಮಕ್ಕಳು ಬರೀ ಫೋರ್ಟ್‌ನೈಟ್ ಆಡುವುದಾದರೆ ನಿಂಟೆಂಡೊ, ಸೋನಿ, ಮೈಕ್ರೋಸಾಫ್ಟ್ ಮೂವರಲ್ಲೂ ಅದಕ್ಕೆ ಚಂದಾ ಬೇಡ. ಎಷ್ಟೋ ಅಪ್ಪ ಅಮ್ಮಂದಿರು ಇದು ಗೊತ್ತಿಲ್ಲದೆ ಸುಮ್ನೆ ಕಟ್ಟುತ್ತಿದ್ದಾರೆ.

ಈಗಲೋ, ಆಮೇಲೋ

ಕಾದರೆ ಅಗ್ಗವಾಗುತ್ತದೆ ಎನ್ನುವ ಹಳೆಯ ಮಾತಿಗೆ ಆಧಾರ ಇತ್ತು. 2011ರಲ್ಲಿ ನಿಂಟೆಂಡೊ 3ಡಿಎಸ್ ಬಂದು ಅರ್ಧ ವರ್ಷವಾಗುವ ಹೊತ್ತಿಗೆ ಬೆಲೆ ಸುಮಾರು ಮೂರರಲ್ಲೊಂದು ಪಾಲು ಇಳಿಯಿತು. ಮೊದಲೇ ಕೊಂಡವರು ಹಲ್ಲು ಕಡಿದರು. ಆದರೆ 2022ರ ಆಗಸ್ಟ್‌ನಲ್ಲಿ, ಬಂದು ಎರಡು ವರ್ಷವಾಗುತ್ತಿದ್ದ ಪಿಎಸ್ 5ರ ಬೆಲೆಯನ್ನು ಸೋನಿ ಹಲವು ದೇಶಗಳಲ್ಲಿ ಏರಿಸಿತು. ಆಮೇಲೆ ಬೇರೆ ಕಂಪನಿಗಳೂ ಏರಿಸಿದವು. ಬೆಲೆ ಇಳಿಯಲಿ ಎಂಬ ಒಂದೇ ಕಾರಣಕ್ಕೆ ಈಗ ಕಾಯಬೇಡಿ.

ಕಾಯಲು ಒಳ್ಳೆಯ ಕಾರಣ ಬೇರೆ ಇದೆ. ಮೊದಲ ಕಂತಿನ ಯಂತ್ರದ ಹುಳುಕು ಮನೆಗಳಲ್ಲೇ ಹೊರಬೀಳುವುದು. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರಲ್ಲಿ ಮುಂಭಾಗದ ಕೆಂಪು ದೀಪಗಳು ಹೊತ್ತಿಕೊಂಡು ಯಂತ್ರ ಸಾಯುವ ತೊಂದರೆ ಶುರುವಾಯಿತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಮೂರು ವರ್ಷದ ವಾರಂಟಿ ಕೊಡಬೇಕಾಯಿತು, ನೂರು ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ತೆಗೆದಿಟ್ಟಿತು. ಗೇಮ್‌ಗಳಿಗೂ ಇದೇ ಮಾತು. 2020ರ ಡಿಸೆಂಬರ್‌ನಲ್ಲಿ ಇದೇ ಸೈಬರ್‌ಪಂಕ್ ಪಿಎಸ್ 4ರಲ್ಲಿ ಎಷ್ಟು ಕೆಟ್ಟದಾಗಿತ್ತೆಂದರೆ ಸೋನಿ ಅದನ್ನು ತಿಂಗಳುಗಟ್ಟಲೆ ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದಿಟ್ಟಿತು. ಬಿಡುಗಡೆಗೆ ಮುಂಚೆ ಬಂದ ಹೊಗಳಿಕೆಯ ವಿಮರ್ಶೆಗಳು ಪಿಸಿಯಲ್ಲಿ ಆಡಿ ಬರೆದಂಥವು. ಹಾಗಾಗಿ ವಿಮರ್ಶೆ ಓದುವಾಗ ಯಾವ ಯಂತ್ರದಲ್ಲಿ ಆಡಿದರು, ಎಷ್ಟು ದಿನ ಆಡಿದರು ಎಂಬ ಎರಡು ಸಾಲು ಹುಡುಕಿ. ಮೂರು ದಿನ ಆಡಿ ಬರೆದದ್ದು ಡಬ್ಬಿ ಬಿಚ್ಚಿದ ಸಂಭ್ರಮ ಅಷ್ಟೇ, ಅಲ್ವಾ?

ಮುಂಚಿನ ಯಂತ್ರ ಗೆದ್ದಿತ್ತು ಅಂತ ಮುಂದಿನದ್ದನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. ನಿಂಟೆಂಡೊ ವೀ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. ಅದರ ನಂತರ ಬಂದ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ.

ಕೊಳ್ಳುವುದೇ ಎಂದು ನಿರ್ಧಾರವಾದರೆ, ಮೊದಲ ವಾರದಲ್ಲೇ ಯಂತ್ರವನ್ನು ಚೆನ್ನಾಗಿ ದುಡಿಸಿ. ನಿಮ್ಮಲ್ಲಿರುವ ಅತಿ ಭಾರದ ಗೇಮ್ ಹಾಕಿ ಎರಡು ಗಂಟೆ ಬಿಡದೆ ಆಡಿ, ಫ್ಯಾನಿನ ಸದ್ದು ಕೇಳಿ. ಸೆಟ್ಟಿಂಗ್‌ಗೆ ಹೋಗಿ ಸ್ಟಿಕ್‌ಗಳ ಪರೀಕ್ಷೆ ಮಾಡಿ, ಕೈಬಿಟ್ಟರೆ ಚುಕ್ಕೆ ನಟ್ಟನಡುವೆ ನಿಲ್ಲಬೇಕು. ಡಿಸ್ಕ್ ಹಾಕಿ ತೆಗೆಯಿರಿ. ಎಲ್ಲ ಪೋರ್ಟ್‌ಗೂ ಒಮ್ಮೆ ಕೇಬಲ್ ಚುಚ್ಚಿ ನೋಡಿ. ಬದಲಿಸಿಕೊಡುವ ಗಡುವು ಮುಗಿಯುವ ಮುಂಚೆ ಇದಾಗಬೇಕು. ಬಿಲ್ಲಿನ ಫೋಟೋ ತೆಗೆದಿಡಿ, ಡಬ್ಬಿಯನ್ನು ಅಟ್ಟಕ್ಕೆ ಹಾಕಿ. ನಾನು ಡಬ್ಬಿ ಎಸೆದು, ಆಮೇಲೆ ರಿಪೇರಿಗೆ ಕಳಿಸುವಾಗ ಆ ಯಂತ್ರವನ್ನು ಎರಡು ದಿಂಬಿನ ನಡುವೆ ಕಟ್ಟಿ ಕಳಿಸಿದ್ದೆ. ರಿಪೇರಿಯಾಗಿ ಕನ್ಸೋಲ್ ವಾಪಸ್ ಬಂತು, ದಿಂಬುಗಳು ಬರಲಿಲ್ಲ.